ನಡುಕ ತಡೆಯುವ ಸ್ವಿಚ್ಚು

ಅಪ್ಪಾ,

ಈಗಷ್ಟೇ ಮಹಡಿಯಿಂದ ಇಳಿದು ಬಂದೆ. ನಿಮ್ಮ ಟೆಲಿಫೋಟೊ ಲೆನ್ಸನ್ನು ಟ್ರೈಪಾಡಿಗೆ ಬಿಗಿದು, ಟೈಮರ್ ಇಟ್ಟು ದೂರ ನಿಂತಿದ್ದೆ. ಯಾರೂ ಮುಟ್ಟಲಿಲ್ಲ, ಗಾಳಿಯೂ ಇರಲಿಲ್ಲ. ಆದರೂ ಚಂದ್ರ ಮಸುಕಾಗಿಯೇ ಬಂದ, ಥೇಟ್ ನೀವು ಹೋಗುವ ಮುಂಚೆ ಇದೇ ಟ್ರೈಪಾಡಿನ ಮೇಲಿಟ್ಟು ತೆಗೆದ ಫೋಟೊಗಳ ಹಾಗೆ.

ಕ್ಯಾಮೆರಾ ರಿಪೇರಿಯವರಿಗೆ ಫೋನ್ ಮಾಡಿದೆ. "ಲೆನ್ಸ್ ಪಕ್ಕ ನಡುಕ ತಡೆಯೋ ಸ್ವಿಚ್ ಇದೆಯಲ್ಲ ಮೇಡಂ, ಟ್ರೈಪಾಡ್ ಮೇಲಿಟ್ಟಾಗ ಅದನ್ನ ಆಫ್ ಮಾಡ್ಬೇಕು. ಇಲ್ಲಾಂದ್ರೆ ಇಲ್ಲದ ನಡುಕ ಹುಡುಕ್ಕೊಂಡು ಅದೇ ಅಲ್ಲಾಡುತ್ತೆ," ಎಂದರು. ಆಫ್ ಮಾಡಿದೆ. ಚಂದ್ರನ ಕುಳಿಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಬಂದವು.

ನೀವು ಮರೆಯುತ್ತೀರೆಂದು ಆ ಸ್ವಿಚ್ಚನ್ನು ಆನ್ ಮಾಡಿ, ಮೇಲೆ ಟೇಪ್ ಅಂಟಿಸಿದ್ದು ನಾನೇ. "ನಿಮ್ಮ ಕೈ ನಡುಗುತ್ತಪ್ಪಾ, ಇನ್ನು ಮುಟ್ಟಬೇಡಿ" ಅಂದವಳೂ ನಾನೇ. ಆಮೇಲೆ ಮಹಡಿಗೆ ಬಂದಾಗಲೆಲ್ಲ ನೀವು ಎರಡೂ ಕೈ ಜೇಬಿನಲ್ಲೇ ಇಟ್ಟುಕೊಂಡು ನಿಲ್ಲುತ್ತಿದ್ದಿರಿ. ನಾನು ಚಳಿ ಇರಬೇಕು ಅಂದುಕೊಂಡಿದ್ದೆ.