ಹೊತ್ತು ಮುಳುಗುವ ಮೊದಲು ಊಟ

ಸದಲಗಾ,
೨೨ ಜನವರಿ ೨೦೨೫

ಮುದ್ದಿನ ಮೊಮ್ಮಗಳು ಮಯೂರಿಗೆ,

ಅಜ್ಜನ ಜೈ ಜಿನೇಂದ್ರ. ನಮ್ಮ ಅಳಿಯ ಸುಜಯನ ಬೆನ್ನುನೋವು ಹೇಗಿದೆ? ನಿನ್ನ ಅತ್ತೆ ಕಮಲಾಬಾಯಿಯವರು ಕಣ್ಣಿನ ಆಪರೇಷನ್ ಆದ ಮೇಲಾದರೂ ಟಿ.ವಿ.ಗೆ ಮೂಗು ಹಚ್ಚಿ ಕೂಡುವುದನ್ನು ಬಿಟ್ಟರೋ ಇಲ್ಲವೋ? ಇಲ್ಲಿ ನಿನ್ನ ಅಜ್ಜಿ ಸುಂದರಾಳಿಗೆ ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನು ಆರಾಮ.

ನಿನ್ನ ಪತ್ರ ಮೂರು ಸಲ ಓದಿದೆ. ನೀನು ಕಲಿಸುವ ಕಾನ್ವೆಂಟ್ ಶಾಲೆಯವರು ನಿನ್ನನ್ನೇ ಮುಖ್ಯಾಧ್ಯಾಪಕಿ ಆಗು ಅಂದಿದ್ದಾರೆ, ತಿಂಗಳೊಳಗೆ ಉತ್ತರ ಕೊಡಬೇಕು, ಅವ್ವ ಬೇಡ ಅನ್ನುತ್ತಾಳೆ, ಸಿಸ್ಟರ್‌ಗಳ ಹಾಗೆ ದೇವರ ಬಲ ನನ್ನ ಹತ್ತಿರ ಎಲ್ಲಿದೆ ಎಂದು ಬರೆದಿದ್ದೀಯ. ಇದಕ್ಕೆ ಉತ್ತರ ಹೇಳುವಷ್ಟು ಓದಿದವನಲ್ಲ ನಾನು, ಕಬ್ಬಿನ ಬದುವಿನ ಮೇಲೆ ಕುಳಿತು ಅಕ್ಷರ ಕೂಡಿಸಿದವನು. ಆದರೆ ಹೋದ ಶನಿವಾರ, ನಮ್ಮ ಹತ್ತಿರ ಇದ್ದು ಓದುವ ನಿನ್ನ ತಮ್ಮ ಅಮೋಲನ ಶಾಲೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಅದೂ ಸಿಸ್ಟರ್‌ಗಳ ಶಾಲೆಯೇ. ಹೆಡ್ ಆಗಿರುವ ಸಿಸ್ಟರ್ ಜಸಿಂತಾ ಮಂಗಳೂರಿನ ಕಡೆಯವರು, ಜೂನ್‌ನಲ್ಲಿ ಬಂದರು. ಶನಿವಾರ ಶಾಲೆಯ ವರ್ಷದ ಗ್ಯಾದರಿಂಗ್ ಇತ್ತು. ಪಾಲಕರ ಸಮಿತಿಯ ಹಿರಿಯನೆಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಕುಣಿತ, ನಾಟಕ ಮುಗಿಯುವಷ್ಟರಲ್ಲಿ ಐದೂವರೆ ಆಯಿತು. ಮುಖ್ಯ ಅತಿಥಿ ರಾವಸಾಹೇಬರು ಎಂಟು ಹಾಳೆಯ ಭಾಷಣ ಕಿಸೆಯಿಂದ ತೆಗೆದರು. ಊಟ ಎಷ್ಟಕ್ಕೆ ಅಂತ ಪಕ್ಕದವರನ್ನು ಕೇಳಿದರೆ ಏಳಕ್ಕಂತೆ. ಹೊತ್ತು ಮುಳುಗಿದ ಮೇಲೆ ನಮ್ಮ ಜೈನರ ಮಕ್ಕಳು ತುತ್ತು ಮುಟ್ಟುವುದಿಲ್ಲ, ಅರ್ಧ ಶಾಲೆ ಅವರೇ. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು, "ಏನ್ರಿ ಸಿಸ್ಟರ್, ನಮ್ಮ ಹುಡುಗ್ರನ್ನ ಉಪಾಸ ಕೆಡವಾಕ ಕರದೀರೇನು? ಊರಿನ ರೀತಿ ತಿಳೀದವ್ರು ಶಾಲಿ ಹೆಂಗ ನಡಸ್ತೀರಿ?" ಅಂದುಬಿಟ್ಟೆ.

ಸಿಸ್ಟರ್ ಮೈಕಿನ ಹತ್ತಿರ ಹೋಗಿ, "ನನ್ನ ಶಾಲೆಯಲ್ಲಿ ಮಕ್ಕಳು ಹಸಿದರೆ ತಪ್ಪು ನನ್ನದೇ. ಮೊದಲು ಊಟ, ಭಾಷಣ ಆಮೇಲೆ" ಅಂದರು. ಚಪಾತಿ ಇನ್ನೂ ತವೆಯ ಮೇಲಿತ್ತು. ಆದಷ್ಟನ್ನೇ ತಾವೇ ಬುಟ್ಟಿ ಹಿಡಿದು ಬಡಿಸಿದರು. ನಮ್ಮ ಮಕ್ಕಳ ಪಂಕ್ತಿ ಎದ್ದಾಗ ಬಿಸಿಲು ಇನ್ನೂ ಶಾಲೆಯ ಮಾಡಿನ ಹಂಚಿನ ಮೇಲಿತ್ತು. ರಾವಸಾಹೇಬರೂ ಹೊಟ್ಟೆತುಂಬ ಉಂಡು ಎರಡೇ ಹಾಳೆಗೆ ಭಾಷಣ ಮುಗಿಸಿದರು. ಅಷ್ಟು ಚಪ್ಪಾಳೆ ಅವರಿಗೆ ಹಿಂದೆಂದೂ ಬಿದ್ದಿರಲಿಕ್ಕಿಲ್ಲ.

ನಾನು ಮೀಸೆ ತಿರುವುತ್ತ ಮನೆಗೆ ಬಂದೆ. ಸೋಮವಾರ ಶಾಲೆಯ ಕ್ಲಾರ್ಕ್ ಮಲಕಾರಿ ಒಂದು ಕಾಗದ ತೋರಿಸಿದ. "ಅಜ್ಜಾರ, ಊರಿನ ರೀತಿಗೆ ಹೊಂದತೈತೇನ ನೋಡ್ಲಿ ಅಂತ ಸಿಸ್ಟರ್ ಇದನ್ನ ನಿಮ್ಮ ಕಡೆನ ಕಳ್ಸಿದ್ರಲ್ರಿ" ಅಂದ. ಕಾರ್ಯಕ್ರಮದ ಪಟ್ಟಿ. ಊಟ, ಸಂಜೆ ಏಳು. ಕೆಳಗೆ ನನ್ನದೇ ಸಹಿ. ಸಹಿ ಹಾಕಿದ ದಿನ ನನ್ನ ಹೆಸರಿನ ಮುಂದೆ 'ಪ್ರಗತಿಪರ ರೈತರು' ಅಂತ ಬರೆದದ್ದನ್ನು ಎರಡು ಸಲ ಓದಿದ್ದೆ, ಉಳಿದದ್ದನ್ನು ಒಂದು ಸಲವೂ ಓದಿರಲಿಲ್ಲ.

ಸಿಸ್ಟರ್ ಹತ್ತಿರ ಹೋಗಿ, ಶನಿವಾರವೇ ಈ ಕಾಗದ ಯಾಕೆ ತೋರಿಸಲಿಲ್ಲ ಅಂತ ಕೇಳಿದೆ. "ಸೂರ್ಯ ಮುಳುಗ್ಲಿಕ್ಕೆ ಮುಕ್ಕಾಲು ಗಂಟೆ ಇತ್ತು ಅಜ್ಜ. ಕಾಗದ ಹುಡುಕ್ಲಿಕ್ಕೆ ಪುರುಸೊತ್ತು ಎಲ್ಲಿತ್ತು?" ಅಂದರು. ನನ್ನ ಮೇಲೆ ಸಿಟ್ಟು ಬರಲಿಲ್ಲವೇ ಅಂದೆ. "ಬಂತು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಯಾರ ಮೇಲೆ ಸಿಟ್ಟು ಉಂಟೋ ಅವರ ಹೆಸರು ಹೇಳಿ ಏಸುಸ್ವಾಮಿಗೆ ಒಪ್ಪಿಸ್ತೇನೆ. ನಿನ್ನೆ ನಿಮ್ಮ ಹೆಸರೇ ಮೊದಲು" ಅಂದು ನಕ್ಕರು. ನಾವು ವರ್ಷಕ್ಕೊಮ್ಮೆ ಕ್ಷಮಾವಾಣಿಯ ದಿನ ಒಬ್ಬರಿಗೊಬ್ಬರು ಕ್ಷಮೆ ಕೇಳಿ ಕೈಮುಗಿದು ಮುಗಿಸುತ್ತೇವೆ, ಅವರಿಗೆ ಅದು ದಿನದ ಕೆಲಸ. ನೀನು ಕೇಳಿದ ದೇವರ ಬಲ ಇದೇ ಇರಬೇಕು. ಇದನ್ನು ಮಾಡಲು ನಿನ್ನ ಧರ್ಮ ಅಡ್ಡ ಬರುವುದಿಲ್ಲ ತಂಗಿ.

ಮನೆಯವರಿಗೆಲ್ಲ ನನ್ನ ನೆನಪು ಹೇಳು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಜ್ಜ,
ಬಾಪುಸಾಹೇಬ

ತಾ.ಕ.: ಮುಖ್ಯವಾದದ್ದನ್ನು ಬರೆಯಲು ಇಲ್ಲಿಯ ತನಕ ಕೈ ಹಿಂದೆಗೆಯಿತು. ನಿನ್ನ ಅವ್ವ ಸೀಮಾ ಬೇಡ ಅಂದದ್ದು ಅವಳ ಮಾತಲ್ಲ. ಸಂಕ್ರಾಂತಿಗೆ ಬಂದಾಗ, "ನಮ್ಮ ಹುಡುಗಿ ಅವ್ರ ಶಾಲಿ ಹಿರೇತನ ಮಾಡೂದು ಬ್ಯಾಡ, ನಾಳೆ ಏನರ ಆದ್ರ ಆಕಿ ತಲಿ ಮ್ಯಾಲ ಬರ್ತೈತಿ" ಅಂತ ಅವಳ ಕಿವಿ ತುಂಬಿದವನು ನಾನು. ನಿನ್ನೆ ನಿಪ್ಪಾಣಿಗೆ ಹೋಗಿ ಅವಳಿಗೆ ಹೇಳಿ ಬಂದೆ, ಈಗ ನಿನಗೆ ಹೇಳಿದೆ. ಬೇಡ ಅನ್ನುವುದಾದರೆ ನಿನ್ನ ಮನಸ್ಸು ಕೇಳಿ ಅನ್ನು, ನನ್ನ ಮಾತಿಗೆ ಅನ್ನಬೇಡ. ಹ್ಞೂಂ ಅಂದರೆ ಮೊದಲು ನನಗೆ ಬರೆ. ಆ ದಿನದ ಸಿಹಿ ಹುಗ್ಗಿಗೆಂದು ನಿನ್ನ ಅಜ್ಜಿ ಈಗಲೇ ಗೋಧಿ ಕುಟ್ಟಿಸಿ ಇಟ್ಟಿದ್ದಾಳೆ, ತಡಮಾಡಿದರೆ ಹುಳ ಬೀಳುತ್ತದೆ.