ಪಲ್ಪರ್ ಮನೆಯ ವಾಸನೆ

ಜಾವಳಿ
ಜನವರಿ ೧೨

ಬಾಳೂರು ಎಸ್ಟೇಟಿನ ಸಾಹುಕಾರರಿಗೆ ಸುಮಿತ್ರಾಳ ನಮಸ್ಕಾರ.

ನಮ್ಮ ಯಜಮಾನರಾದ ಜಯಂತ ಅವರನ್ನು ಪಲ್ಪರ್ ಮನೆಯಿಂದ ಬಿಡಿಸಿ, ಕಾಫಿ ಒಣಗಿಸುವ ಕಣಕ್ಕೆ ಹಾಕಬೇಕು. ಅವರು ಮೈಗಳ್ಳರಲ್ಲ. ಗೋವಾದ ಕ್ಲಬ್ಬಿಗೆ ಒಂಬತ್ತು ವರ್ಷ ಫುಟ್‌ಬಾಲ್ ಆಡಿದವರು. ಮಂಡಿ ಹೋದ ಮೇಲೆ ಆಟ ಬಿಟ್ಟರು, ಕುಡಿತಕ್ಕೆ ಬಿದ್ದರು. ಮದ್ಯ ಬಿಡಿಸುವ ಶಿಬಿರದಿಂದ ಬಂದು ಈಗ ಹದಿನಾಲ್ಕು ತಿಂಗಳು.

ಮೊದಲೆಲ್ಲ ಅವರು ಕುಡಿದು ಬಂದದ್ದನ್ನು ನಾನು ಮೂಗಿನಿಂದಲೇ ಕಂಡುಹಿಡಿಯುತ್ತಿದ್ದೆ. ಈಗ ಪಲ್ಪರ್ ಮನೆಯಲ್ಲಿ ಯಂತ್ರ ಸುಲಿದ ಕಾಫಿ ಹಣ್ಣಿನ ಸಿಪ್ಪೆ ಕೊಳೆತು, ಸಂಜೆ ಅವರ ಅಂಗಿ ಹೆಂಡದ ಹಾಗೇ ನಾರುತ್ತದೆ. "ಪಲ್ಪರ್ ವಾಸ್ನೆ ಮಾರಾಯ್ತಿ, ಇನ್ನೆಂಥದು?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಅವರು ಸ್ನಾನಕ್ಕೆ ಹೋದಾಗ ಹಳೆಯ ಆಟದ ಬೂಟಿನೊಳಗೆ ಕೈಹಾಕುತ್ತೇನೆ. ಮೊದಲು ಬಾಟಲಿ ಬಚ್ಚಿಡುತ್ತಿದ್ದದ್ದು ಅಲ್ಲೇ. ಈವರೆಗೆ ಏನೂ ಸಿಕ್ಕಿಲ್ಲ.

ಕಣದಿಂದ ಬಂದರೆ ಬೆವರಿನ ವಾಸನೆ ಮಾತ್ರ. ಆಗ ಹೆಂಡ ನಾರಿದರೆ ನನಗೆ ನಿಜ ತಿಳಿಯುತ್ತದೆ.

ಇನ್ನೊಂದು ವಿಷಯ. ಪಲ್ಪರ್ ಕೆಟ್ಟಿದೆ, ಆ ಮನೆಯನ್ನು ತೊಳೆದು ಬೀಗ ಹಾಕಿ ನಾಲ್ಕು ದಿನವಾಯಿತು ಎಂದು ನಿಮ್ಮ ಮೇಸ್ತ್ರಿಯ ಹೆಂಡತಿ ಇವತ್ತು ಬಸ್ಸಿನಲ್ಲಿ ಹೇಳಿದಳು. ನಿನ್ನೆಯೂ ಅಂಗಿ ನಾರುತ್ತಿತ್ತು.

ಅವಳು ಹೇಳಿದ್ದು ಸುಳ್ಳೆಂದು ಒಂದು ಸಾಲು ಬರೆದು ಕಳಿಸಿ. ಕಣದ ಕೆಲಸ ಕೊಡದಿದ್ದರೂ ಪರವಾಗಿಲ್ಲ.

ಇಂತಿ,
ಸುಮಿತ್ರಾ