ಹತ್ತನೆಯ ವಿದ್ಯಾರ್ಥಿಯ ವಯಸ್ಸು

ಮಾನ್ಯ ವಿದ್ಯಾಧಿಕಾರಿಗಳೇ,

ಸೆಪ್ಟೆಂಬರ್ ಕೊನೆಯಲ್ಲಿ ನಮ್ಮೂರ ಹೈಸ್ಕೂಲಿಗೆ ತಪಾಸಣೆಗೆ ಬಂದಾಗ ನೀವು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಹೆಸರು ನನ್ನದು. ಆ ಒಂದು ಗೀಟಿನಿಂದ, ನನ್ನ ಮಗಳೂ ಸೇರಿ ಒಂಬತ್ತು ಮಕ್ಕಳ ಐಚ್ಛಿಕ ಗಣಿತದ ತರಗತಿಯೇ ಮುಚ್ಚಿಹೋಗಿದೆ. ನಿಮಗೆ ಕಳಿಸಿದ ಎರಡು ಅರ್ಜಿಗಳಿಗೆ ಉತ್ತರವಿಲ್ಲ. ಪತ್ರಿಕೆಯನ್ನಾದರೂ ಓದುತ್ತೀರೆಂದು ನಂಬಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊಳೆನರಸೀಪುರದಿಂದ ಎಂಟು ಮೈಲಿ ದೂರದ ಹಳ್ಳಿಯ ದರ್ಜಿ. ಲೋಯರ್ ಸೆಕೆಂಡರಿ ಪಾಸು ಮಾಡಿ ಓದು ಬಿಟ್ಟವನು. ಮಗಳು ಅನಸೂಯ ಈ ಜೂನ್‌ನಲ್ಲಿ ಹೈಸ್ಕೂಲು ಸೇರಿದಳು. ಗಣಿತದಲ್ಲಿ ಸಾಮಾನ್ಯ, ಐಚ್ಛಿಕ ಎಂದು ಎರಡು ಬಗೆ ಇವೆಯೆಂದು ಆಗಲೇ ನನಗೆ ಗೊತ್ತಾದದ್ದು. ನಿಮ್ಮ ಸುತ್ತೋಲೆಯನ್ನು ಮೂರು ಸಲ ಓದಿದರೂ ತಲೆಬುಡ ತಿಳಿಯದೆ ಹಾಸನದ ನಿಮ್ಮ ಕಚೇರಿಗೇ ಬಂದೆ. ನಿಮ್ಮ ಗುಮಾಸ್ತರು ತಲೆಯೆತ್ತದೆ ವಿವರಿಸಿದರು.

"ಐಚ್ಛಿಕದಲ್ಲಿ ಮೊದಲು ಬೀಜಗಣಿತ, ಆಮೇಲೆ ರೇಖಾಗಣಿತ, ಕೊನೇ ವರ್ಷ ತ್ರಿಕೋನಮಿತಿ. ಒಂದು ಬಿಟ್ಟು ಇನ್ನೊಂದಿಲ್ಲ. ಅಲ್ಲಿಂದ ಸಾಮಾನ್ಯಕ್ಕೆ ಯಾವಾಗ ಬೇಕಾದ್ರೂ ಬರಬಹುದು. ಸಾಮಾನ್ಯದಿಂದ ಅಲ್ಲಿಗೆ ಹೋಗೋ ಹಾಗಿಲ್ಲ."

"ಐಚ್ಛಿಕ ತಕ್ಕಳ್ದಿದ್ರೆ ಏನಾಯ್ತದೆ ಸಾ?"

"ಕಾಲೇಜಲ್ಲಿ ವಿಜ್ಞಾನ ಇಲ್ಲ. ಇಂಜಿನಿಯರಿಂಗೂ ಇಲ್ಲ."

ಹದಿಮೂರು ವರ್ಷದ ಹುಡುಗಿಯ ಮುಂದಿನ ಬಾಳೆಲ್ಲ ಜೂನ್ ತಿಂಗಳ ಒಂದು ಬೆಳಗಿನ ಮೇಲೆ ನಿಂತಿದೆ! ಇಂಥದ್ದಕ್ಕೆ 'ಐಚ್ಛಿಕ' ಎಂದು ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ಕೈಮುಗಿದೆ. ಇಚ್ಛೆ ಯಾರದು ಸ್ವಾಮಿ?

ಊರಿಗೆ ಮರಳಿದರೆ ಹೆಡ್ಮಾಸ್ಟರ್ ಪಂಚಾಕ್ಷರಯ್ಯನವರು ಪೆಚ್ಚಾಗಿ ಕೂತಿದ್ದರು. ಗಣಿತದ ಪಾಠವನ್ನೂ ಅವರೇ ಮಾಡುವುದು. "ಹತ್ತು ಜನ ಇಲ್ದೆ ತರಗತಿ ತೆರೆಯೋ ಹಾಗಿಲ್ವಂತೆ ಈಶ್ವರಯ್ಯ. ಒಂಬತ್ತೇ ಜನ ಬಂದಿದಾರೆ. ಗಂಡುಹುಡುಗರು ಹೊಳೆನರಸೀಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದಿಯಾರು. ನಿಮ್ಮ ಮಗಳು?"

ನಾನು ಸುತ್ತೋಲೆಯನ್ನು ನಾಲ್ಕನೆಯ ಸಲ ಓದಿದೆ. ಲೋಯರ್ ಸೆಕೆಂಡರಿ ಪಾಸಾಗಿರಬೇಕು ಎಂದಿತ್ತು. ವಯಸ್ಸಿನ ಮಾತೇ ಇರಲಿಲ್ಲ.

"ನನ್ ಎಸ್ರು ಬರ್ಕಳಿ ಸಾ," ಎಂದೆ.

ಮೇಷ್ಟ್ರು ಕನ್ನಡಕ ತೆಗೆದಿಟ್ಟು ಕಣ್ಣೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಬರೆದುಕೊಂಡರು. ಮನೆಯಲ್ಲಿ ಹೆಂಡತಿ ಚಿಕ್ಕಲಕ್ಷ್ಮಮ್ಮ ಮಾತ್ರ ನಗಲಿಲ್ಲ. "ನಲವತ್ತೊಂದು ವರ್ಸಕ್ಕೆ ಇಸ್ಕೂಲಿಗೆ ಓಯ್ತೀನಿ ಅಂತೀರಲ್ಲ, ಮಗೀನ ಮಾನ ಕಳೀಬ್ಯಾಡಿ," ಎಂದಳು.

ಹಗಲು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಎಲ್ಲ ಪಿರಿಯಡ್ಡಿಗೂ ಹೋದೆ. ಡ್ರಿಲ್ಲಿನಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದಾಗ ಸಾಲಿನ ಮೊದಲಿಗ ನಾನೇ. ಊರಿನ ಅರ್ಧ ಹೆಂಗಸರಿಗೆ ಗೌರಿಹಬ್ಬದ ರವಿಕೆ ಸಿಕ್ಕಿದ್ದು ಹಬ್ಬ ಕಳೆದ ಮೇಲೆ. ಮೊದಲ ವಾರ ಅನಸೂಯ ನನ್ನನ್ನು ಕಾಣದವಳಂತೆ ಹತ್ತು ಮಾರು ಮುಂದೆ ನಡೆಯುತ್ತಿದ್ದಳು. ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗಾಗುತ್ತದೆಂದು ತಿಳಿಯದೆ ನಾನು ಒದ್ದಾಡುವುದನ್ನು ಕಂಡು ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ. "ಅಷ್ಟೂ ಗೊತ್ತಾಗಕಿಲ್ವೇನಪ್ಪ!" ಎಂದು ಪಕ್ಕ ಬಂದು ಕೂತು ಸೀಮೆಸುಣ್ಣ ಕಿತ್ತುಕೊಂಡಳು. ಮಾರನೆಯ ದಿನದಿಂದ ಜೊತೆಯಲ್ಲೇ ನಡೆದೆವು.

ಆಮೇಲೆ ತಾವು ದಯಮಾಡಿಸಿದಿರಿ.

"ಪೋಷಕರು ಹೊರಗೆ ಕಾಯಬೇಕು," ಎಂದಿರಿ.

"ವಿದ್ಯಾರ್ಥಿ ಸಾ. ಆಜರಿ ನಂಬರ್ ಅತ್ತು," ಎಂದೆ.

ಹುಡುಗರು ಕಿಸಕ್ಕೆಂದರು. ನೀವು ಕೆಂಪಗಾಗಿ, ಎಕ್ಸ್ ವರ್ಗದಿಂದ ಐದು ಎಕ್ಸ್ ಕಳೆದು ಆರು ಕೂಡಿಸಿ, ಅಪವರ್ತಿಸು ಎಂದು ಸೀಮೆಸುಣ್ಣ ಕೈಗಿತ್ತಿರಿ. ಒಂದು ಆವರಣದಲ್ಲಿ ಎಕ್ಸ್‌ನಿಂದ ಎರಡು, ಇನ್ನೊಂದರಲ್ಲಿ ಮೂರು ಕಳೆದು ಬರೆದೆ.

"ಲೆಕ್ಕ ಸರಿ. ವಯಸ್ಸು ತಪ್ಪು," ಎಂದು ನೀವು ಹಾಜರಿ ಪುಸ್ತಕ ತರಿಸಿದಿರಿ.

ಯಾವ ನಿಯಮದ ಪ್ರಕಾರ? ಆ ದಿನ ಅಂಥ ನಿಯಮವೇ ಇರಲಿಲ್ಲ. ಮೂರು ವಾರದ ನಂತರ ಬಂತು: ಹದಿನೆಂಟು ಮೀರಿದವರು ವಿದ್ಯಾರ್ಥಿಗಳಲ್ಲ, ಜೂನ್‌ನಿಂದಲೇ ಜಾರಿ. ಒಬ್ಬ ದರ್ಜಿಗಾಗಿ ಒಂದಿಡೀ ಸುತ್ತೋಲೆ! ನಮ್ಮ ವಂಶದಲ್ಲಿ ಇಂಥ ಗೌರವ ಯಾರಿಗೂ ಸಂದಿಲ್ಲ.

ಅದು ಬಂದ ಸಂಜೆ ಅನಸೂಯ ತನ್ನ ಬೀಜಗಣಿತದ ಪುಸ್ತಕವನ್ನು ನನ್ನ ಯಂತ್ರದ ಮೇಲಿಟ್ಟು, "ಇನ್ ನಂಗಿದು ಬ್ಯಾಡ ಕಣಪ್ಪ," ಎಂದಳು. ನಾನು ಪುಸ್ತಕ ಹಿಡಿದು ಮೇಷ್ಟ್ರ ಮನೆಗೆ ನಡೆದೆ. ಅವರು ಆ ಸುತ್ತೋಲೆಯನ್ನು ಇನ್ನೊಮ್ಮೆ ಓದಿ, ಮಡಿಸಿ, "ಬೆಳಿಗ್ಗೆ ಏಳಕ್ಕೆ ಎಲ್ರೂ ನಮ್ಮನೆ ಜಗಲಿಗೆ ಬನ್ನಿ," ಎಂದರು. ಅಂದಿನಿಂದ ಪಾಠ ಅಲ್ಲೇ. ಹಾಜರಿ ಪುಸ್ತಕವಿಲ್ಲದ ಜಗಲಿಯಲ್ಲಿ ನೀವು ಯಾರ ಹೆಸರು ಹೊಡೆಯುತ್ತೀರಿ?

ಆದರೆ ಜಗಲಿಯ ಪಾಠಕ್ಕೆ ಪರೀಕ್ಷೆಯಿಲ್ಲ. ಆದ್ದರಿಂದ ನನ್ನ ಬೇಡಿಕೆ ಇಷ್ಟೆ: ಮಾರ್ಚಿಗೆ ಮೊದಲು ಆ ಒಂಬತ್ತು ಮಕ್ಕಳ ಹೆಸರನ್ನು ಐಚ್ಛಿಕ ಗಣಿತಕ್ಕೆ ಮತ್ತೆ ಸೇರಿಸಿ. ನನ್ನ ಹೆಸರು ಬೇಡ, ರವಿಕೆಗಳು ಕಾದಿವೆ. ಹತ್ತು ಜನ ಇರಲೇಬೇಕೆಂದರೆ ತಾವೇ ಬಂದು ಜಗಲಿಯಲ್ಲಿ ಕೂರಿ, ನಾವು ವಯಸ್ಸು ಕೇಳುವುದಿಲ್ಲ. ತಡಮಾಡಬೇಡಿ ಮಾತ್ರ. ಅನಸೂಯ ಈಗಾಗಲೇ ಮುಂದಿನ ವರ್ಷದ ಪುಸ್ತಕ ತೆರೆದಿದ್ದಾಳೆ. ನಿಮ್ಮ ಅಪ್ಪಣೆಗಾಗಿ ಅವಳು ಕಾಯುತ್ತಿಲ್ಲ, ನಿಮ್ಮ ಪರೀಕ್ಷೆಗೆ ಕಾಯುತ್ತಿದ್ದಾಳೆ.

ಇಂತಿ,
ಲೆಕ್ಕ ಬಂದರೂ ಲೆಕ್ಕಕ್ಕೆ ಬಾರದ,
ದರ್ಜಿ ಈಶ್ವರಯ್ಯ
ಡಿಸೆಂಬರ್ ೧೯೬೧